ಹೆಬ್ಬೆರಳಿಗೆ ಕಾಲಂ ಇರ್ಲಿಲ್ಲ

ನನ್ನ ಹಳೇ ಲ್ಯಾಪ್‌ಟಾಪಲ್ಲಿ ಒಂದು ಎಕ್ಸೆಲ್ ಫೈಲ್ ಇದೆ, ಹೆಸ್ರು "ಪ್ಲೇಆಫ್ 2014 ಫೈನಲ್ ಫೈನಲ್ 2". ಅದನ್ನ ಮಾಡಕ್ಕೆ ಎರಡು ವಾರ ನಿದ್ದೆಗೆಟ್ಟಿದ್ದೆ. ಅದು ಕೈ ಕೊಡಕ್ಕೆ ನಾಲ್ಕು ಮುಕ್ಕಾಲು ಗಂಟೆ ಸಾಕಾಯ್ತು.

ನಿದ್ದೆಗೆಟ್ಟಿದ್ದು ಪೂರ್ತಿ ಬೇಸ್‌ಬಾಲಿಗೋಸ್ಕರ ಅಂದ್ರೆ ಸುಳ್ಳಾಗತ್ತೆ. ಮಗಳು ಹುಟ್ಟಿ ಮೂರು ವಾರ ಆಗಿತ್ತು, ಅವ್ಳು ಹೇಗಿದ್ರೂ ಮಲಗಕ್ಕೆ ಬಿಡ್ತಿರ್ಲಿಲ್ಲ. ಕ್ಯಾಲಿಫೋರ್ನಿಯಾದ ಸನ್ನಿವೇಲಿನ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟು, ಬಾಣಂತನಕ್ಕೆ ಮೈಸೂರಿಂದ ಬಂದಿದ್ದ ಅಮ್ಮ, ಅವ್ಳು ಸೂಟ್‌ಕೇಸಲ್ಲಿ ತುಂಬ್ಕೊಂಡು ಬಂದಿದ್ದ ಮೆಣಸು, ಓಮ, ಸಾಂಬ್ರಾಣಿ. ರಾತ್ರಿ ಎರಡು ಗಂಟೆಗೆ ಮಗೂನ ಎಡಗೈಮೇಲೆ ಹಾಕ್ಕೊಂಡು ಬಲಗೈಲಿ ಟೀಮುಗಳ ರನ್ ಲೆಕ್ಕ ಟೈಪ್ ಮಾಡ್ತಾ ಕೂತಿರ್ತಿದ್ದೆ. ಆಫೀಸಲ್ಲಿ ಹದಿನಾಲ್ಕು ಜನ ತಲಾ ಇಪ್ಪತ್ತು ಡಾಲರ್ ಹಾಕಿ ಪ್ಲೇಆಫ್ ಯಾರು ಗೆಲ್ತಾರೆ ಅಂತ ಬರ್ದು ಕೊಡ್ಬೇಕಿತ್ತು. ಮಿಕ್ಕಿದವ್ರೆಲ್ಲ ಹುಟ್ಟಿದಾಗಿಂದ ಈ ಆಟ ನೋಡ್ಕೊಂಡು ಬೆಳೆದವ್ರು, ನಾನು ನೋಡಕ್ಕೆ ಶುರು ಮಾಡಿ ಐದು ವರ್ಷ. ಅವ್ರಿಗೆ ಅಭಿಮಾನ ಇದೆ, ನನಗೆ ಗಣಿತ ಇದೆ, ಹಾಗಾಗಿ ನಾನೇ ಗೆಲ್ಲೋದು ಅಂತ ಒಳಗೊಳಗೇ ಜಂಬ.

ಬೇಸ್‌ಬಾಲಲ್ಲಿ ಭವಿಷ್ಯ ಹೇಳೋದು ಸುಲಭ ಅನ್ಸಕ್ಕೆ ಕಾರಣ ಇದೆ. ಏಪ್ರಿಲಿಂದ ಸೆಪ್ಟೆಂಬರ್‌ವರೆಗೆ ಒಂದೊಂದು ಟೀಮೂ 162 ಮ್ಯಾಚ್ ಆಡತ್ತೆ, ಹೆಚ್ಚೂಕಮ್ಮಿ ದಿನಾ ಒಂದು, ಅಷ್ಟು ದೊಡ್ಡ ರಾಶಿ ಇದ್ಮೇಲೆ ಲೆಕ್ಕ ತಪ್ಪಕ್ಕೆ ಹೇಗೆ ಸಾಧ್ಯ ಅನ್ಸತ್ತೆ. ಬಿಲ್ ಜೇಮ್ಸ್ ಅನ್ನೋ ಬೇಸ್‌ಬಾಲ್ ಲೆಕ್ಕಪಂಡಿತರ ಒಂದು ಸೂತ್ರಾನೂ ಇದೆ: ಟೀಮು ಹೊಡೆದ ಒಟ್ಟು ರನ್ನನ್ನ ವರ್ಗ ಮಾಡು, ಬಿಟ್ಕೊಟ್ಟ ರನ್ನನ್ನೂ ವರ್ಗ ಮಾಡು, ಎರಡನ್ನೂ ಕೂಡ್ಸು, ಮೊದಲನೇದನ್ನ ಆ ಮೊತ್ತದಿಂದ ಭಾಗಿಸು. ಬಂದ ಸಂಖ್ಯೆ ಆ ಟೀಮು ನೂರಕ್ಕೆ ಎಷ್ಟು ಮ್ಯಾಚ್ ಗೆಲ್ಲೋ ಯೋಗ್ಯತೆ ಇರೋದು ಅಂತ ಹೇಳತ್ತೆ. ನೋಡಕ್ಕೆ ಹೈಸ್ಕೂಲಿನ ಪೈಥಾಗರಸ್ ಪ್ರಮೇಯದ ಥರ ಇರೋದ್ರಿಂದ ಅದಕ್ಕೆ ಅವನ ಹೆಸ್ರೇ ಇಟ್ಟಿದಾರೆ. ಗೆಲುವು ಸೋಲಿಗಿಂತ ರನ್ನಿನ ವ್ಯತ್ಯಾಸ ಟೀಮಿನ ನಿಜವಾದ ತಾಕತ್ತು ಹೇಳತ್ತೆ ಅನ್ನೋದು ಇದರ ಒಳಗಿನ ಮಾತು, ಒಂದು ರನ್ನಲ್ಲಿ ಗೆಲ್ಲೋದು ಸೋಲೋದು ಬಹಳ ಮಟ್ಟಿಗೆ ಅದೃಷ್ಟ.

2014ರಲ್ಲಿ ಈ ಸೂತ್ರಕ್ಕೆ ಹಾಕಿದ್ರೆ ಎರಡೂ ಲೀಗಲ್ಲಿ ಎಲ್ಲರಿಗಿಂತ ಮೇಲೆ ಬಂದಿದ್ದು ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದ ಓಕ್‌ಲಂಡ್ ಎ'ಸ್. ಹೊಡೆದದ್ದು 729, ಕೊಟ್ಟದ್ದು 572. ನೂರರ ಹತ್ರ ಮ್ಯಾಚ್ ಗೆಲ್ಬೇಕಿದ್ದ ಟೀಮು, ಗೆದ್ದದ್ದು 88. ಅದಕ್ಕೇ ಜನ ಅವ್ರನ್ನ ಕಡೆಗಣಿಸ್ತಿದ್ರು, ಅದಕ್ಕೇ ನನಗೆ ಖುಷಿ. ಎಲ್ಲರಿಗೂ ಕಾಣದ್ದು ನನಗೆ ಕಂಡಿದೆ ಅನ್ನೋ ಖುಷಿ ಇದೆಯಲ್ಲ, ಅದು ಭಾಳ ಕೆಟ್ಟದ್ದು. ಫಾರ್ಮಲ್ಲಿ ಎ'ಸ್ ಅಂತ ಬರ್ದು, ವರ್ಲ್ಡ್ ಸೀರೀಸಲ್ಲಿ, ಅಂದ್ರೆ ಏಳು ಮ್ಯಾಚಿನ ಫೈನಲಲ್ಲಿ, ಎದುರಾಳಿ ವಾಷಿಂಗ್ಟನ್ ನ್ಯಾಷನಲ್ಸ್ ಅಂತ ಬರ್ದು, ಪಕ್ಕದಲ್ಲಿ "ಆರು ಮ್ಯಾಚು" ಅಂತಾನೂ ಸೇರಿಸಿ ಕೊಟ್ಟೆ.

ಸೆಪ್ಟೆಂಬರ್ 30, ಮಂಗಳವಾರ ಸಂಜೆ. ಪ್ಲೇಆಫಿನ ಮೊದಲನೇ ಸುತ್ತು ವೈಲ್ಡ್ ಕಾರ್ಡ್, ಅಂದ್ರೆ ಆಗ ಒಂದೇ ಮ್ಯಾಚು, ಸೋತ್ರೆ ಮನೆಗೆ. (ಅದು ಅನ್ಯಾಯ ಅಂತ ಎಲ್ಲರೂ ಬೈದು ಬೈದು 2022ರಿಂದ ಮೂರು ಮ್ಯಾಚಿನ ಸೀರೀಸ್ ಮಾಡಿದಾರೆ.) ಎದುರಿಗೆ ಕ್ಯಾನ್ಸಸ್ ಸಿಟಿ ರಾಯಲ್ಸ್, 1985ರಲ್ಲಿ ಕಪ್ ಗೆದ್ದ ಮೇಲೆ 29 ವರ್ಷ ಪ್ಲೇಆಫ್ ಮುಖಾನೇ ನೋಡದ ಟೀಮು. ಎ'ಸ್ ಈ ಒಂದು ಮ್ಯಾಚಿಗೋಸ್ಕರಾನೇ ಅನ್ನೋ ಹಾಗೆ ಜುಲೈ ಕೊನೇಲಿ ತಮ್ಮ ದೊಡ್ಡ ಹಿಟ್ಟರ್ ಸೆಸ್ಪೆಡೆಸ್‌ನ ಬೋಸ್ಟನ್ನಿಗೆ ಕೊಟ್ಟು ಜಾನ್ ಲೆಸ್ಟರ್ ಅನ್ನೋ ಪಿಚರನ್ನ (ಬಾಲ್ ಎಸೆಯೋವನನ್ನ) ತಂದಿದ್ರು. ಲೆಸ್ಟರ್ ಹಾಕ್ತಿದ್ದ. ಒಂದೊಂದು ಟೀಮಿಗೂ ಒಂಬತ್ತು ಇನ್ನಿಂಗ್ಸು, ಸಮ ಆದ್ರೆ ಇನ್ನೂ ಮುಂದೆ. ಎಂಟನೇ ಇನ್ನಿಂಗ್ಸಲ್ಲಿ ರಾಯಲ್ಸ್ ಬ್ಯಾಟಿಂಗಿಗೆ ಬಂದಾಗ 7-3, ಎ'ಸ್ ಮುಂದೆ. ನಾನು ಎದ್ದು ಹೋಗಿ ಕಾಫಿ ಮಾಡ್ಕೊಂಡೆ.

ಆದ್ರೆ ಆ ಮ್ಯಾಚು ಸೋಲಕ್ಕೆ ಶುರುವಾಗಿದ್ದು ಮೊದಲನೇ ಇನ್ನಿಂಗ್ಸಲ್ಲೇ, ನಾನು ಗಮನಿಸಿರ್ಲಿಲ್ಲ ಅಷ್ಟೆ. ಎ'ಸ್‌ನ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಜೊವಾನಿ ಸೋಟೊ ಹೋಮ್ ಪ್ಲೇಟ್ ಹತ್ರ, ಅಂದ್ರೆ ಓಡಿ ಬಂದು ಮುಟ್ಟಿದ್ರೆ ರನ್ ಆಗೋ ಜಾಗದ ಹತ್ರ, ಒಬ್ಬನನ್ನ ಔಟ್ ಮಾಡೋವಾಗ ಅವನ ಎಡಗೈ ಹೆಬ್ಬೆರಳಿಗೆ ಪೆಟ್ಟಾಯ್ತು, ಅವನು ಒಳಗೆ ಹೋದ, ಬದಲಿಗೆ ಬೇರೆಯವನು ಬಂದ. ಸೋಟೊನ ಆ ದಿನ ಆಡ್ಸಿದ್ದೇ ರಾಯಲ್ಸ್ ಓಡಿ ಓಡಿ ಬೇಸ್ ಕದಿಯೋ (ಯಾರೂ ಹೊಡೀದೇ ಇದ್ರೂ ಮುಂದಿನ ಬೇಸಿಗೆ ಓಡೋ) ಟೀಮು, ಇವನ ತೋಳಲ್ಲಿ ಬಲ ಇದೆ ಅಂತ. ಅವನಿಲ್ಲದ ಮೇಲೆ ರಾಯಲ್ಸ್ ಏಳು ಸಲ ಬೇಸ್ ಕದ್ರು. ಎಂಟನೇ ಇನ್ನಿಂಗ್ಸಲ್ಲಿ ಮೂರು ರನ್, ಒಂಬತ್ತರಲ್ಲಿ ಒಂದು, 7-7. ಹನ್ನೆರಡನೇ ಇನ್ನಿಂಗ್ಸಲ್ಲಿ ಎ'ಸ್ ಮತ್ತೆ ಒಂದು ರನ್ ಮುಂದೆ ಹೋದ್ರು, ಅದನ್ನೂ ರಾಯಲ್ಸ್ ಸಮ ಮಾಡಿ, ಕೊನೇಗೆ ಸಾಲ್ವಡೋರ್ ಪೆರೆಜ್ ಅನ್ನೋನು ಹೊಡೀಲೇಬಾರದ ಹೊರಗಿನ ಬಾಲಿಗೆ ಬ್ಯಾಟ್ ಚಾಚಿ ಹೊಡೆದ, ಅದು ಮೂರನೇ ಬೇಸ್‌ನವನ ಗ್ಲೋವಿಗೆ ಸಿಗದ ಹಾಗೆ ಗೆರೆ ಪಕ್ಕದಲ್ಲೇ ನುಸುಳ್ಕೊಂಡು ಹೋಯ್ತು. 9-8. ನನ್ನ ಚಾಂಪಿಯನ್ ಪ್ಲೇಆಫಿನ ಮೊದಲನೇ ರಾತ್ರೀನೇ ಔಟು.

ಆಗ ಎಕ್ಸೆಲ್ ತೆಗೆದು ಸುಮ್ನೆ ನೋಡ್ತಾ ಕೂತೆ. ರನ್ ಇತ್ತು, ಪಿಚರುಗಳ ಸರಾಸರಿ ಇತ್ತು, ತವರಿನ ಮೈದಾನಕ್ಕೆ ಅಂತ ಒಂದಿಷ್ಟು ಪರ್ಸೆಂಟ್ ಸೇರಿಸಿದ್ದೆ. ಹೆಬ್ಬೆರಳಿಗೆ ಕಾಲಂ ಇರ್ಲಿಲ್ಲ.

ಅಮ್ಮಂಗೆ ಇದ್ಯಾವ್ದೂ ಗೊತ್ತಿರ್ಲಿಲ್ಲ, ಅವ್ಳು ಅಡುಗೆಮನೆಯಿಂದ "ಯಾಕೋ ಮುಖ ಹಿಂಗ್ ಮಾಡ್ಕೊಂಡಿದೀಯ, ಆರ್‌ಸಿಬಿ ಸೋತ್ರಾ?" ಅಂತ ಕೇಳಿದ್ಳು. ಅವ್ಳ ಪ್ರಕಾರ ನಾನು ಟಿವಿ ಮುಂದೆ ಹಾಗೆ ಕೂತ್ರೆ ಅದಕ್ಕೆ ಒಂದೇ ಕಾರಣ. ಆರ್‌ಸಿಬಿ ಆಗ್ಲೇ ಎರಡು ಫೈನಲ್ ಸೋತು ನಮ್ಮನ್ನ ಹದ ಮಾಡಿತ್ತು ಬಿಡಿ. ಆದ್ರೆ "ಈ ಸಲ ಕಪ್ ನಮ್ದೇ" ಅಂತ ಕೂಗೋದನ್ನ ಯಾರೂ ಲೆಕ್ಕಾಚಾರ ಅಂತ ತಿಳ್ಕೊಳ್ಳಲ್ಲ, ಅದು ಹರಕೆ ಕಟ್ಟೋ ಥರ. ನಾನಿಲ್ಲಿ ಹರಕೆಗೆ ದಶಮಾಂಶ ಹಾಕಿ ಕೂತಿದ್ದೆ.

ಮುಂದಿನ ಒಂದು ವಾರದಲ್ಲಿ ಮಿಕ್ಕಿದ್ದೆಲ್ಲಾನೂ ಮುಗೀತು. 98 ಮ್ಯಾಚ್ ಗೆದ್ದು ಎಲ್ಲರಿಗಿಂತ ಮೇಲಿದ್ದ ಏಂಜಲ್ಸನ್ನ ಅದೇ ರಾಯಲ್ಸ್ 3-0 ಅಂತ ಗುಡಿಸಿ ಹಾಕಿದ್ರು. ನನ್ನ ನ್ಯಾಷನಲ್ಸ್, 96 ಮ್ಯಾಚ್ ಗೆದ್ದವ್ರು, ಬರೀ 88 ಗೆದ್ದಿದ್ದ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಕೈಲಿ 3-1 ಸೋತ್ರು, ಅದ್ರಲ್ಲೂ ಒಂದು ಮ್ಯಾಚಲ್ಲಿ ಒಂಬತ್ತನೇ ಇನ್ನಿಂಗ್ಸಲ್ಲಿ ಇನ್ನೊಂದೇ ಔಟ್ ಬೇಕು ಅನ್ನೋವಾಗ ಸಮ ಮಾಡಿಸ್ಕೊಂಡು ಹದಿನೆಂಟನೇ ಇನ್ನಿಂಗ್ಸಲ್ಲಿ ಸೋತಿದ್ದು. ಆಫೀಸಿನ ಹದಿನಾಲ್ಕು ಫಾರ್ಮಲ್ಲಿ ಒಂದ್ರಲ್ಲೂ ರಾಯಲ್ಸ್, ಜೈಂಟ್ಸ್ ಇಬ್ಬರೂ ಫೈನಲಿಗೆ ಅಂತ ಇರ್ಲಿಲ್ಲ.

ಆಮೇಲೆ ನಾನು ಮೊದಲೇ ಮಾಡ್ಬೇಕಿದ್ದ ಲೆಕ್ಕ ಮಾಡ್ದೆ. ಪಿಯುಸಿ ಗಣಿತ ಸಾಕು ಇದಕ್ಕೆ. ಒಂದು ಟೀಮು ಎದುರಾಳಿಗಿಂತ ಖಂಡಿತವಾಗ್ಲೂ ಚೆನ್ನಾಗಿದೆ, ಪ್ರತೀ ಮ್ಯಾಚಲ್ಲೂ ಗೆಲ್ಲೋ ಸಾಧ್ಯತೆ ನೂರಕ್ಕೆ 55 ಅಂತಿಟ್ಕೊಳ್ಳಿ. ಪ್ಲೇಆಫಿಗೆ ಬಂದ ಟೀಮುಗಳ ನಡುವೆ ಇದು ಸಣ್ಣ ಅಂತರ ಅಲ್ಲ. ಏಳು ಮ್ಯಾಚಿನ ಸೀರೀಸ್ ಅಂದ್ರೆ ಮೊದಲು ನಾಲ್ಕು ಗೆದ್ದವ್ರಿಗೆ. ಹಾಗಾದ್ರೆ ಆ ಒಳ್ಳೇ ಟೀಮು ಸೀರೀಸ್ ಗೆಲ್ಲೋ ಸಾಧ್ಯತೆ ಎಷ್ಟು? ನೂರಕ್ಕೆ 61. ಅಷ್ಟೇ. ಒಂದು ಮ್ಯಾಚಿಂದ ಏಳಕ್ಕೆ ಹೋದ್ರೆ ಸಿಕ್ಕ ಲಾಭ ಆರು ಪರ್ಸೆಂಟು. ಐದು ಮ್ಯಾಚಿನ ಸೀರೀಸಾದ್ರೆ 59. ಐದರದ್ದು ಒಂದು, ಏಳರದ್ದು ಎರಡು, ಹೀಗೆ ಮೂರು ಸೀರೀಸ್ ಸಾಲಾಗಿ ಗೆದ್ದು ಕಪ್ ಎತ್ಬೇಕು ಅಂದ್ರೆ 22. ಅಂದ್ರೆ ಎಲ್ಲರಿಗಿಂತ ಒಳ್ಳೇ ಟೀಮು ಯಾವ್ದು ಅಂತ ದೇವರೇ ಬಂದು ಕಿವೀಲಿ ಹೇಳಿದ್ರೂ, ಅವ್ರೇ ಕಪ್ ಗೆಲ್ತಾರೆ ಅಂತ ನಾನು ಬರ್ದು ಕೊಟ್ರೆ ನೂರಕ್ಕೆ 78 ಸಲ ನಾನು ದಡ್ಡ.

ಇನ್ನೊಂದು ಲೆಕ್ಕಾನೂ ಮಾಡ್ದೆ, ಅದು ಇನ್ನೂ ಮಜಾ. ಆ 55ರ ಟೀಮೇ ನೂರಕ್ಕೆ 95 ಸಲ ಗೆಲ್ಲೋ ಹಾಗಾಗ್ಬೇಕಾದ್ರೆ ಸೀರೀಸಲ್ಲಿ ಎಷ್ಟು ಮ್ಯಾಚ್ ಇರ್ಬೇಕು? ಸುಮಾರು 270. ಒಂದೂವರೆ ಸೀಸನ್ನಿಗಿಂತ ಜಾಸ್ತಿ, ಅವೇ ಎರಡು ಟೀಮು, ಮುಂದಿನ ವರ್ಷದ ದೀಪಾವಳಿ ಬಂದ್ರೂ ಮುಗೀತಿರಲ್ಲ. ಯಾರು ನಿಜವಾಗ್ಲೂ ಮೇಲು ಅಂತ ಗೊತ್ತಾಗೋ ಹೊತ್ತಿಗೆ ನೋಡಕ್ಕೆ ಯಾರೂ ಉಳ್ದಿರಲ್ಲ. ಹಂಗಾಗಿ ಅಕ್ಟೋಬರಲ್ಲಿ ಇವ್ರು ಆಡೋದು ಅದನ್ನ ಕಂಡುಹಿಡಿಯಕ್ಕಂತೂ ಅಲ್ಲ ಅಂತ ನನಗೆ ಅವತ್ತು ರಾತ್ರಿ ಮಗೂಗೆ ತೇಗು ತರಿಸ್ತಾ ಬೆನ್ನು ತಟ್ಟೋವಾಗ ಅನ್ನಿಸ್ತು.

ಅಷ್ಟೆಲ್ಲ ಜ್ಞಾನೋದಯ ಆದ್ಮೇಲೆ ಸುಮ್ನಿರ್ಬೇಕಿತ್ತು. ಆಫೀಸಲ್ಲಿ ಯಾರ ಫಾರ್ಮೂ ಉಳಿದಿಲ್ವಲ್ಲ, ಅದಕ್ಕೆ ವರ್ಲ್ಡ್ ಸೀರೀಸಿಗೆ ಹೊಸದಾಗಿ ಬರ್ಕೊಡಿ ಅಂದ್ರು. ಜೈಂಟ್ಸ್ 665 ಹೊಡೆದು 614 ಕೊಟ್ಟವ್ರು, ರಾಯಲ್ಸ್ 651 ಹೊಡೆದು 624. ತಕ್ಕಡಿ ಆಕಡೆ ಈಕಡೆ ಅಲ್ಲಾಡಲ್ಲ. ಆದ್ರೆ ರಾಯಲ್ಸ್ ಆ ಪ್ಲೇಆಫಲ್ಲಿ ಎಂಟಕ್ಕೆ ಎಂಟು ಗೆದ್ದು ಬಂದಿದ್ರು, ಮೊದಲೆರಡು ಕೊನೆಯೆರಡು ಮ್ಯಾಚ್ ಅವ್ರ ಊರಲ್ಲಿ, ಬುಲ್‌ಪೆನ್ನಲ್ಲಿ, ಅಂದ್ರೆ ಮಧ್ಯದಲ್ಲಿ ಬದಲಿಗೆ ಬರೋ ಪಿಚರುಗಳಲ್ಲಿ, ಹೆರೇರಾ, ಡೇವಿಸ್, ಹಾಲಂಡ್ ಅಂತ ಮೂರು ಜನ, ಏಳು ಎಂಟು ಒಂಬತ್ತನೇ ಇನ್ನಿಂಗ್ಸು ಒಬ್ಬೊಬ್ಬರು ಬಾಗ್ಲು ಹಾಕ್ಕೊಂಡು ಹೋಗೋವ್ರು. "ರಾಯಲ್ಸ್, ಆರು ಮ್ಯಾಚು" ಅಂತ ಬರ್ದೆ. ಆ ಎಂಟಕ್ಕೆ ಎಂಟು ಅನ್ನೋದು ಮುಂದಿನ ಮ್ಯಾಚ್ ಬಗ್ಗೆ ಏನೂ ಹೇಳಲ್ಲ ಅಂತ ಒಂದು ವಾರ ಹಿಂದೆ ತಾನೇ ನಾನೇ ಲೆಕ್ಕ ಹಾಕಿದ್ದೆ, ಆದ್ರೂ ಬರ್ದೆ. ಇನ್ನೊಂದು ತಮಾಷೆ ಅಂದ್ರೆ ರಾಯಲ್ಸಿಗೆ ತವರಿನ ಅನುಕೂಲ ಸಿಕ್ಕಿದ್ದು ಜಾಸ್ತಿ ಗೆದ್ದಿದ್ದಕ್ಕಲ್ಲ, ಜುಲೈಲಿ ಮಿನಿಯಾಪೊಲಿಸಲ್ಲಿ ನಡೆದ ಆಲ್ ಸ್ಟಾರ್ ಪ್ರದರ್ಶನ ಪಂದ್ಯಾನ ಅವ್ರ ಲೀಗ್ ಗೆದ್ದಿತ್ತು ಅನ್ನೋದಕ್ಕೆ. 2003ರಿಂದ 2016ರವರೆಗೆ ಅದೇ ನಿಯಮ. ಮದುವೆ ಮುಹೂರ್ತಾನ ಪಕ್ಕದ ಮನೆ ನಾಮಕರಣ ನೋಡಿ ಇಟ್ಟ ಹಾಗೆ.

ಅಮ್ಮ ಈ ಸೀರೀಸಿಂದ ನೋಡಕ್ಕೆ ಕೂತ್ಳು. ಸಾಯಂಕಾಲ ಐದು ಗಂಟೆಗೆ ಶುರು ಆಗ್ತಿತ್ತು, ಮಗು ಮಲಗಿರ್ತಿತ್ತು, ಟಿವಿ ಸೌಂಡು ಆಫ್. ಬೆಳ್ಳುಳ್ಳಿ ಸುಲಿಯಕ್ಕೆ ತಟ್ಟೆ ಹಿಡ್ಕೊಂಡು ಸೋಫಾ ಮೇಲೆ ಕೂತ್ರೆ ಅವ್ಳು ಏಳ್ತಿದ್ದಿದ್ದು ಮಗು ಅತ್ತಾಗಲೇ. ನಿಯಮ ಅರ್ಥ ಮಾಡ್ಕೊಳ್ಳೋ ಗೋಜಿಗೇ ಹೋಗ್ಲಿಲ್ಲ, ಮನುಷ್ಯರನ್ನ ನೋಡಿದ್ಳು. ಮೊದಲನೇ ಮ್ಯಾಚಲ್ಲೇ ಒಬ್ಬನನ್ನ ಗುರುತು ಹಿಡಿದ್ಳು. ಜೈಂಟ್ಸಿನ ಮ್ಯಾಡಿಸನ್ ಬಮ್‌ಗಾರ್ನರ್, ಆರಡಿ ಮೇಲಿನ ಆಳು, ಉದ್ದ ಕೂದ್ಲು, ಕಾಡುಗಡ್ಡ, ಎಡಗೈನ ಎಲ್ಲೋ ಬೆನ್ನ ಹಿಂದಿಂದ ಬೀಸಿ ತರೋ ಹಾಗೆ ಎಸೀತಿದ್ದ. "ಈ ಗಡ್ಡದವ್ನು ಯಾವ್ದೋ ಯೋಚ್ನೇಲಿ ಇದಾನೆ ಕಣೋ, ಇವ್ನಿಗೆ ಜನ ಕೂಗ್ತಿರೋದು ಕೇಳಿಸ್ತಾನೇ ಇಲ್ಲ" ಅಂದ್ಳು. ಏಳು ಇನ್ನಿಂಗ್ಸಲ್ಲಿ ಒಂದೇ ರನ್ ಕೊಟ್ಟ ಅವತ್ತು, ಅದೂ ಪೆರೆಜ್ ಹೊಡೆದ ಒಂದು ಹೋಮ್ ರನ್. ಈ ಪೆರೆಜನ್ನ ನೆನಪಿಟ್ಕೊಳ್ಳಿ. ಜೈಂಟ್ಸ್ 7-1. ಮುಂದಿನ ಎರಡು ರಾಯಲ್ಸಿಗೆ, ಅದರ ಮುಂದಿನದು ಜೈಂಟ್ಸಿಗೆ 11-4. ಭಾನುವಾರ 26ಕ್ಕೆ ಐದನೇ ಮ್ಯಾಚು, ಮತ್ತೆ ಗಡ್ಡದವನೇ, ಒಂಬತ್ತೂ ಇನ್ನಿಂಗ್ಸ್ ಒಬ್ಬನೇ ಹಾಕಿ ಒಂದೂ ರನ್ ಕೊಡ್ಲಿಲ್ಲ, 117 ಬಾಲು. 5-0. ಮಂಗಳವಾರ ಕ್ಯಾನ್ಸಸ್ ಸಿಟೀಲಿ ಆರನೇದು ರಾಯಲ್ಸ್ 10-0. ಮೂರಕ್ಕೆ ಮೂರು.

ಗೇಮ್ ಸೆವೆನ್ ದಿನ, ಬುಧವಾರ ಮಧ್ಯಾಹ್ನ, ಕ್ಯಾಂಟೀನಲ್ಲಿ ನಾನು ಭಾಷಣ ಮಾಡ್ದೆ. ವರ್ಲ್ಡ್ ಸೀರೀಸಲ್ಲಿ ಏಳನೇ ಮ್ಯಾಚು ಬೇರೆಯವ್ರ ಊರಲ್ಲಿ ಆಡಿ ಗೆದ್ದ ಕೊನೇ ಟೀಮು 1979ರ ಪಿಟ್ಸ್‌ಬರ್ಗ್. ಆಮೇಲೆ ಒಂಬತ್ತು ಸಲ ಏಳನೇ ಮ್ಯಾಚಿಗೆ ಹೋಗಿದೆ, ಒಂಬತ್ತೂ ಸಲ ತವರಿನ ಟೀಮೇ ಗೆದ್ದಿದೆ. ನಾಣ್ಯ ಚಿಮ್ಮಿದ್ರೆ ಒಂಬತ್ತಕ್ಕೆ ಒಂಬತ್ತು ಸಲ ಹೆಡ್ಸೇ ಬೀಳೋದು ತಾಯಿತಂದೆ ಪುಣ್ಯ, 512ರಲ್ಲಿ ಒಂದು, ಹಾಗಾಗಿ ಇಲ್ಲಿ ಏನೋ ಇದೆ, ರಾಯಲ್ಸೇ. ಕ್ಯಾನ್ಸಸ್ ಕಡೆಯವನೊಬ್ಬ ಇದ್ದ, ನೀಲಿ ಟೀ ಶರ್ಟ್ ಹಾಕ್ಕೊಂಡು ಬಂದಿದ್ದ, ಅವನು ಎದ್ದು ಬಂದು ಕೈ ಕುಲುಕಿದ.

ಮನೆಗೆ ಬಂದ್ರೆ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಇವತ್ತು ಗಡ್ಡದವ್ನು ಬರ್ತಾನಾ?"

"ಇಲ್ಲಮ್ಮ, ಅವ್ನು ಭಾನುವಾರ ತಾನೇ ಹಾಕಿದಾನೆ. ಇವ್ರಿಗೆ ನಾಲ್ಕು ದಿನ ರೆಸ್ಟ್ ಬೇಕು. ಬಂದ್ರೂ ಒಂದೆರಡು ಇನ್ನಿಂಗ್ಸ್ ಅಷ್ಟೆ."

"ನಾಳೆಯಿಂದ ಆಟ ಇದೆಯಾ?"

"ಇಲ್ಲ, ಇದೇ ಕೊನೇದು."

"ಮತ್ತೆ ಯಾವಾಗ್ಲಿಗೆ ರೆಸ್ಟು?"

ನಾನು ನಕ್ಕೆ. ಈಗ ಯೋಚಿಸಿದ್ರೆ ನನ್ನ ಇಡೀ ಎಕ್ಸೆಲ್ಲಿನ ತಪ್ಪನ್ನ ಅವ್ಳು ಬೆಳ್ಳುಳ್ಳಿ ಸುಲೀತಾ ಮೂರು ಪದದಲ್ಲಿ ಹೇಳ್ಬಿಟ್ಟಿದ್ಳು. 162 ಮ್ಯಾಚಿನ ಸರಾಸರೀಲಿ ಐದು ಪಿಚರುಗಳು ಸರದಿ ಮೇಲೆ ಬರ್ತಾರೆ, ಆರನೆಯವನು ಏಳನೆಯವನೂ ಇರ್ತಾರೆ, ಟೀಮಿನ ತಾಕತ್ತು ಅಂದ್ರೆ ಅವ್ರೆಲ್ಲರದ್ದೂ ಸೇರಿದ್ದು. ಸೀಸನ್ನಲ್ಲಿ ಮ್ಯಾನೇಜರು ನಾಳೆಗೆ ಅಂತ ಉಳಿಸ್ಕೋಬೇಕು. ಅಕ್ಟೋಬರಲ್ಲಿ ಮಧ್ಯೆ ಮಧ್ಯೆ ರಜೆ ಬರತ್ತೆ, ಸರದಿ ಐದರಿಂದ ನಾಲ್ಕು ಮೂರಕ್ಕೆ ಇಳಿಯತ್ತೆ, ಕೊನೇ ದಿನ ಉಳಿಸ್ಕೊಳ್ಳಕ್ಕೆ ನಾಳೆ ಅನ್ನೋದೇ ಇರಲ್ಲ. ಏಪ್ರಿಲಲ್ಲಿ ಆಡಿದ ಟೀಮೂ ಇದೂ ಹೆಸ್ರಲ್ಲಿ ಮಾತ್ರ ಒಂದೇ.

ಮ್ಯಾಚು ಶುರುವಾಯ್ತು. ಎರಡನೇ ಇನ್ನಿಂಗ್ಸಲ್ಲಿ ಜೈಂಟ್ಸ್ ಎರಡು, ಹಿಂದೆಯೇ ರಾಯಲ್ಸ್ ಎರಡು. ಜೈಂಟ್ಸಿನ ಟಿಮ್ ಹಡ್ಸನ್ ಐದು ಔಟ್ ಮಾಡೋಷ್ಟರಲ್ಲಿ ಅವನನ್ನ ಕೂರಿಸಿಬಿಟ್ರು. ಮೂರನೇ ಇನ್ನಿಂಗ್ಸು ನಡೀತಿದೆ, ಹೊರಗೆ ಮುಸ್ಸಂಜೆ, ಅಮ್ಮ ಮಗೂಗೆ ದೃಷ್ಟಿ ತೆಗೀತೀನಿ ಅಂತ ಎದ್ಳು. ಉಪ್ಪು, ಒಣಮೆಣಸಿನಕಾಯಿ ಇಳೇ ತೆಗೆದು ಬಾಣಲೀಲಿ ಸುಟ್ಟಳು. ಘಾಟು ಏಳ್ಲೇ ಇಲ್ಲ ನೋಡು, ಎಷ್ಟು ದೃಷ್ಟಿ ಆಗಿದೆ ಅಂತ ಅವ್ಳು ಹೇಳ್ತಿದ್ದ ಹಾಗೇ ಸೀಲಿಂಗಲ್ಲಿದ್ದ ಸ್ಮೋಕ್ ಅಲಾರ್ಮ್ ಕಿರುಚಕ್ಕೆ ಶುರು ಮಾಡ್ತು. ಮಗು ಎದ್ದು ಅದರ ಜೊತೆ ಜುಗಲ್‌ಬಂದಿ. ಹೆಂಡ್ತಿ ಬೆಡ್‌ರೂಮಿಂದ ನನ್ನ ಹೆಸ್ರು ಕೂಗ್ತಿದಾಳೆ. ನಾನು ಕುರ್ಚಿ ಮೇಲೆ ಹತ್ತಿ ಟವಲ್ ಬೀಸ್ತಿದೀನಿ, ಕಣ್ಣು ಮಾತ್ರ ಟಿವಿ ಮೇಲೆ, ಯಾಕಂದ್ರೆ ಆಗಲೇ ಎರಿಕ್ ಹಾಸ್ಮರ್ ಹೊಡೆದ ಬಾಲು ಪಿಚರನ್ನ ದಾಟಿ ನೇರ ಮಧ್ಯಕ್ಕೆ ಹೋಗ್ತಿತ್ತು, ಜೈಂಟ್ಸಿನ ಜೋ ಪ್ಯಾನಿಕ್ ಅಂತ ಒಬ್ಬ ಹೊಸ ಹುಡುಗ ಅಡ್ಡ ಬಿದ್ದು ಹಿಡ್ಕೊಂಡ, ಬಾಲನ್ನ ಕೈಗೆ ತಗೊಳ್ಳಕ್ಕೂ ಟೈಮಿಲ್ಲ ಅಂತ ಗ್ಲೋವಿಂದಲೇ ಎರಡನೇ ಬೇಸಿಗೆ ಚಿಮ್ಮಿಸಿದ, ಕ್ರಾಫರ್ಡ್ ಅಲ್ಲಿಂದ ಮೊದಲನೇ ಬೇಸಿಗೆ ಎಸೆದ. ಹಾಸ್ಮರ್ ಓಡಿ ಬಂದವನು ಕೊನೇ ಗಳಿಗೇಲಿ ತಲೆ ಮುಂದೆ ಮಾಡಿ ಡೈವ್ ಹೊಡೆದ. ಅಂಪೈರು ಸೇಫ್ ಅಂದ. ವೀಡಿಯೊ ನೋಡಿ ತೀರ್ಪು ಬದಲಾಯಿಸೋ ಪದ್ಧತೀನ ಆ ವರ್ಷ ತಾನೇ ದೊಡ್ಡದಾಗಿ ತಂದಿದ್ರು. ಮೂರು ನಿಮಿಷದ ಹತ್ರ ನೋಡಿದ್ರು. ಅಷ್ಟೂ ಹೊತ್ತು ನಾನು ಟವಲ್ ಬೀಸ್ತಾನೇ ಇದ್ದೆ. ಔಟ್ ಅಂತ ತೀರ್ಪು ಬಂತು, ಎರಡನೇ ಬೇಸಿಗೆ ಓಡ್ತಿದ್ದವನು, ಹಾಸ್ಮರ್, ಇಬ್ಬರೂ ಔಟು. ಹಾಸ್ಮರ್ ಡೈವ್ ಹೊಡೀದೆ ನೇರ ಓಡಿದ್ರೆ ಅರ್ಧ ಹೆಜ್ಜೆ ಮುಂಚೆ ಮುಟ್ಟಿರ್ತಿದ್ದ ಅಂತ ನನಗೆ ಈಗ್ಲೂ ಅನ್ಸತ್ತೆ.

ನಾಲ್ಕನೇ ಇನ್ನಿಂಗ್ಸಲ್ಲಿ ಜೈಂಟ್ಸ್ 3-2. ಐದನೇ ಇನ್ನಿಂಗ್ಸಿಗೆ ಬುಲ್‌ಪೆನ್ ಬಾಗ್ಲು ತೆರೀತು.

"ಬಂದ ನೋಡು," ಅಂದ್ಳು ಅಮ್ಮ. ನನ್ನ ಕಡೆ ತಿರುಗಿ ಕೂಡ ನೋಡ್ಲಿಲ್ಲ.

ಇಲ್ಲಿಂದ ಮುಂದಿನದನ್ನ ಜನ ಪುರಾಣದ ಥರ ಹೇಳ್ತಾರೆ. ಎರಡೇ ದಿನ ರೆಸ್ಟಲ್ಲಿ ಬಂದು ಐದು ಇನ್ನಿಂಗ್ಸ್, 68 ಬಾಲು, ಒಂದೂ ರನ್ ಇಲ್ಲ. ಆದ್ರೆ ಕೂತು ನೋಡಿದವ್ರಿಗೆ ಗೊತ್ತು, ಅವನು ಬಂದ ಕೂಡ್ಲೇ ಮೊದಲನೆಯವನೇ ಹೊಡೆದ, ಅವನನ್ನ ಎರಡನೇ ಬೇಸಿಗೆ ತಳ್ಳಿದ್ರು, ಆಮೇಲೆ ಆಓಕಿ ಅನ್ನೋನು ಎಡಗಡೆ ಗೆರೆ ಹತ್ರಕ್ಕೆ ಬಾರಿಸಿದ. ಅದು ಬಿದ್ದಿದ್ರೆ 3-3. ಜೈಂಟ್ಸಿನ ಹುವಾನ್ ಪೆರೆಜ್ (ಇವನು ಬೇರೆ ಪೆರೆಜ್) ಅಂತ ಆಗ ತಾನೇ ಬದಲಿಯಾಗಿ ಒಳಗೆ ಬಂದಿದ್ದವನು ಗೆರೆ ಕಡೆಗೇ ಸರಿದು ನಿಂತಿದ್ದ, ಓಡಿ ಹಿಡ್ಕೊಂಡ. ಎರಡು ಮೂರು ಗಜ ಆಚೆ ನಿಂತಿದ್ರೆ ಪುರಾಣ ಇಲ್ಲ. ಅಲ್ಲಿಂದ ಮುಂದೆ ಒಬ್ಬರಾದ ಮೇಲೆ ಒಬ್ಬರು, ಆ ಮೊದಲನೇ ಹೊಡೆತ ಆದ್ಮೇಲಿಂದ ಲೆಕ್ಕ ಹಾಕಿದ್ರೆ ಸಾಲಾಗಿ ಹದಿನಾಲ್ಕು ಔಟು. ಮನೇಲಿ ಯಾರೂ ಮಾತಾಡ್ತಿರ್ಲಿಲ್ಲ. ಅಮ್ಮ ಸುಲಿದ ಬೆಳ್ಳುಳ್ಳಿ ಒಂದು ತಿಂಗ್ಳಿಗಾಗೋಷ್ಟು ಆಗಿತ್ತು.

ಒಂಬತ್ತನೇ ಇನ್ನಿಂಗ್ಸು, ಎರಡು ಔಟು, ಇನ್ನೊಂದು ಬಾಕಿ. ಅಲೆಕ್ಸ್ ಗಾರ್ಡನ್ ಮಧ್ಯ ಎಡಕ್ಕೆ ಹೊಡೆದ. ಸಾಧಾರಣ ಹೊಡೆತ, ಒಂದು ಬೇಸಿನದ್ದು. ಜೈಂಟ್ಸಿನ ಬ್ಲಾಂಕೊ ಮುಂದೆ ನುಗ್ಗಿ ಬಂದ, ಬಾಲು ಅವನ ಪಕ್ಕದಲ್ಲೇ ಜಾರಿ ಹಿಂದಕ್ಕೆ ಗೋಡೆವರೆಗೂ ಹೋಯ್ತು, ಅಲ್ಲಿ ಹುವಾನ್ ಪೆರೆಜ್ ಅದನ್ನ ಎತ್ಕೊಳ್ಳಕ್ಕೆ ಹೋಗಿ ತಡವರಿಸಿದ. ಗಾರ್ಡನ್ ಒಂದು ದಾಟಿದ, ಎರಡು ದಾಟಿದ, ಮೂರಕ್ಕೆ ಬರ್ತಿದಾನೆ, ಕ್ಯಾನ್ಸಸ್ ಸಿಟೀಲಿ ನಲವತ್ತು ಸಾವಿರ ಜನ ಎದ್ದು ನಿಂತಿದಾರೆ, ಮೂರನೇ ಬೇಸಿನ ಕೋಚ್ ಜಿರ್‌ಶೆಲಿ ಎರಡೂ ಕೈ ಎತ್ತಿ ನಿಲ್ಲಿಸಿಬಿಟ್ಟ. ಸಮ ಆಗಕ್ಕೆ ತೊಂಬತ್ತು ಅಡಿ. ಕಳಿಸ್ಬೇಕಿತ್ತು, ಕಳಿಸ್ಬಾರ್ದಿತ್ತು ಅಂತ ಅಲ್ಲಿಯವ್ರು ಈಗ್ಲೂ ಜಗಳ ಆಡ್ತಾರೆ. ನನ್ನ ಪ್ರಕಾರ ಕೋಚ್ ಮಾಡಿದ್ದು ಸರಿ, ಗಾರ್ಡನ್ ಮೂರು ಮುಟ್ಟೋ ಹೊತ್ತಿಗೆ ಬಾಲು ಕ್ರಾಫರ್ಡ್ ಕೈಲಿತ್ತು, ಅವನ ತೋಳು ಗೊತ್ತಲ್ಲ, ನೆಟ್ಟಗೆ ಎಸೆದಿದ್ರೆ ಹೋಮ್ ಪ್ಲೇಟಲ್ಲಿ ಆರಾಮಾಗಿ ಔಟು. ನೆಟ್ಟಗೆ ಎಸೀದೇ ಇದ್ದಿದ್ರೆ, ಅನ್ನೋದು ಮಾತ್ರ ಯಾರಿಗೂ ಗೊತ್ತಿಲ್ಲ.

ಮುಂದಿನ ಬ್ಯಾಟ್ಸ್‌ಮನ್ ಯಾರು? ಸಾಲ್ವಡೋರ್ ಪೆರೆಜ್. ಒಂದು ತಿಂಗ್ಳ ಹಿಂದೆ ಹೊಡೀಬಾರದ ಬಾಲಿಗೆ ಬ್ಯಾಟ್ ಚಾಚಿ ನನ್ನ ಎಕ್ಸೆಲ್ ಮುಳುಗಿಸಿದವನು. ಇಡೀ ಸೀರೀಸಲ್ಲಿ ಗಡ್ಡದವನ ಮೇಲೆ ರನ್ ಹೊಡೆದ ಒಬ್ಬನೇ ಒಬ್ಬ. ಅವತ್ತು ಎರಡನೇ ಇನ್ನಿಂಗ್ಸಲ್ಲಿ ಕಾಲಿಗೆ ಬಾಲು ಬಡಿಸ್ಕೊಂಡು ಕುಂಟ್ತಾ ಇದ್ದ. ಅವನಿಗೆ ಮತ್ತೆ ಮತ್ತೆ ಎದೆ ಮೇಲಕ್ಕೆ ಬಾಲು ಹಾಕಿದ್ರು, ಹೊಡೀಬಾರದ ಬಾಲಿಗೇ ಆಸೆ ಪಡ್ತಾನೆ ಅಂತ ಗೊತ್ತಿತ್ತು. ಅವನು ಆಸೆ ಪಟ್ಟ. ಬಾಲು ಮೇಲಕ್ಕೆ ಹೋಯ್ತು, ಮೂರನೇ ಬೇಸಿನ ಆಚೆ ಸ್ಯಾಂಡೊವಾಲ್ ಕಾಯ್ತಾ ನಿಂತ, ಹಿಡಿದ, ಹಿಡಿದವನು ಹಾಗೇ ಅಂಗಾತ ಬಿದ್ದ.

ಹೊರಗೆ ಎಲ್ ಕಮೀನೊ ರೋಡಲ್ಲಿ ಕಾರುಗಳ ಹಾರ್ನು, ಎಲ್ಲೋ ಪಟಾಕಿ. ನಮ್ಮ ದೀಪಾವಳಿ ಹೋಗಿ ಆರು ದಿನ ಆಗಿತ್ತು. ಅಮ್ಮ ಕಿಟಕಿ ಪರದೆ ಸರಿಸಿ ನೋಡಿ, "ಇವ್ರಿಗೆ ಈಗ ಶುರುವಾಯ್ತಾ?" ಅಂದ್ಳು.

ಮಾರನೇ ದಿನ ಆಫೀಸಲ್ಲಿ ಎಲ್ಲರಿಗೂ ಇದು ಮೊದಲೇ ಗೊತ್ತಿತ್ತು. ಬಮ್‌ಗಾರ್ನರ್ ಇದ್ಮೇಲೆ ಇನ್ನೇನು, ಅನುಭವ ಇದ್ಮೇಲೆ ಇನ್ನೇನು, 2010, 2012 ಗೆದ್ದಿದಾರೆ, ಸಮಸಂಖ್ಯೆ ವರ್ಷ ಜೈಂಟ್ಸಿಂದೇ. ಹೌದು, ಅವನು ಆ ಅಕ್ಟೋಬರಲ್ಲಿ ಒಟ್ಟು 52 ಮತ್ತೆ ಮೂರನೇ ಎರಡು ಭಾಗ ಇನ್ನಿಂಗ್ಸ್ ಹಾಕಿದ್ದು ದಾಖಲೆ, ಇದನ್ನ ಅಲ್ಲಗಳೆಯಲ್ಲ. ಆದ್ರೆ ಪ್ಯಾನಿಕ್‌ನ ಗ್ಲೋವು, ಹಾಸ್ಮರ್‌ನ ಡೈವು, ಹುವಾನ್ ಪೆರೆಜ್ ನಿಂತ ಜಾಗ, ಜಿರ್‌ಶೆಲಿ ಎತ್ತಿದ ಕೈ, ಇವುಗಳಲ್ಲಿ ಒಂದು ಆಕಡೆ ಈಕಡೆ ಆಗಿದ್ರೆ ಅದೇ ಜನ ಅದೇ ಕ್ಯಾಂಟೀನಲ್ಲಿ ತವರಿನ ಮೈದಾನ ಇದ್ಮೇಲೆ ಇನ್ನೇನು ಅಂತಿದ್ರು. ನಾನಂತೂ ಅಂತಿದ್ದೆ. ಇಪ್ಪತ್ತು ಡಾಲರ್ ಹೋಗಿದ್ದಕ್ಕಿಂತ ಆ ಭಾಷಣ ನೆನಪಾಗಿ ಮೈ ಚುರ್ ಅಂತಿತ್ತು.

ಆ ಭಾಷಣದ ಕಥೆ ಇನ್ನೂ ಇದೆ. ತವರಿನ ಟೀಮು ಒಂಬತ್ತಕ್ಕೆ ಒಂಬತ್ತು ಅಂತಿದ್ದೆನಲ್ಲ, 2014ರಲ್ಲಿ ಅದು ಮುರೀತು. ಆಮೇಲೆ 2016ರಲ್ಲಿ ಕಬ್ಸ್ ಕ್ಲೀವ್‌ಲಂಡಿಗೆ ಹೋಗಿ ಗೆದ್ರು. 2017ರಲ್ಲಿ ಹ್ಯೂಸ್ಟನ್ ಲಾಸ್ ಏಂಜಲಿಸಿಗೆ ಹೋಗಿ. 2019ರಲ್ಲಿ ವಾಷಿಂಗ್ಟನ್ ಹ್ಯೂಸ್ಟನ್ನಿಗೆ ಹೋಗಿ, ಆ ಸೀರೀಸಲ್ಲಂತೂ ಏಳಕ್ಕೆ ಏಳೂ ಮ್ಯಾಚು ಬೇರೆ ಊರಿಂದ ಬಂದವ್ರೇ ಗೆದ್ದಿದ್ದು. ಮೂವತ್ತೈದು ವರ್ಷ ನಿಯಮದ ಹಾಗೆ ನಡ್ಕೊಂಡು ಬಂದಿದ್ದು ಪೂರ್ತಿ ತಲೆಕೆಳಗಾಯ್ತು, ಮೈದಾನ ಅವೇ, ಆಟ ಅದೇ. ಈಗ ಯಾರಾದ್ರೂ ಬಂದು ಗೇಮ್ ಸೆವೆನ್ ಅಂದ್ರೆ ಹೊರಗಿನವ್ರಿಗೇ ಒತ್ತಡ ಕಮ್ಮಿ, ಅದಕ್ಕೇ ಗೆಲ್ತಾರೆ ಅಂದ್ರೆ ನಾನು ತಲೆ ಆಡಿಸ್ತೀನಿ, ಜಗಳ ಆಡಲ್ಲ.

ಇಷ್ಟೆಲ್ಲ ಆದ್ಮೇಲೂ ಪ್ರತೀ ಅಕ್ಟೋಬರಲ್ಲಿ ಫೈಲ್ ತೆಗೀತೀನಿ. ಈ ಚಟಕ್ಕೆ ಮದ್ದಿಲ್ಲ. 2025ರಲ್ಲಿ ವರ್ಲ್ಡ್ ಸೀರೀಸು ಡಾಡ್ಜರ್ಸಿಗೂ ಟೊರೊಂಟೊ ಬ್ಲೂ ಜೇಸಿಗೂ ಅಂತ ಆದಾಗ ಮಗಳು, ಆಗ ಹನ್ನೊಂದು ಅವ್ಳಿಗೆ, ಯಾರು ಅಂತ ಕೇಳಿದ್ಳು. "ಡಾಡ್ಜರ್ಸ್, ಆರು ಮ್ಯಾಚು." ಜೈಂಟ್ಸಿಗೂ ಡಾಡ್ಜರ್ಸಿಗೂ ಹಳೇ ಹಗೆ, ಜೈಂಟ್ಸ್ ಮನೇಲಿ ಡಾಡ್ಜರ್ಸ್ ಹೆಸ್ರೆತ್ತೋದು ಅಂದ್ರೆ ಏನು ಅಂತ ಇಲ್ಲಿಯವ್ರಿಗೆ ಗೊತ್ತಿರತ್ತೆ. ಅವ್ಳು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡ್ಲಿಲ್ಲ. ಅವ್ಳ ಭವಿಷ್ಯ: ಬ್ಲೂ ಜೇಸ್, ಯಾಕಂದ್ರೆ ಅವ್ರು ಡಾಡ್ಜರ್ಸ್ ಅಲ್ಲ. ನನ್ನ ಹದಿನೇಳು ಕಾಲಂಗಿಂತ ಅದೇನೂ ಕಮ್ಮಿ ಇರ್ಲಿಲ್ಲ.

ಏಳನೇ ಮ್ಯಾಚು ನವೆಂಬರ್ 1ಕ್ಕೆ ಬಿತ್ತು, ಶನಿವಾರ, ರಾಜ್ಯೋತ್ಸವದ ದಿನ, ಟೊರೊಂಟೊದಲ್ಲಿ. ಒಂಬತ್ತನೇ ಇನ್ನಿಂಗ್ಸಲ್ಲಿ ಡಾಡ್ಜರ್ಸ್ ಒಂದು ರನ್ ಹಿಂದೆ, ಒಂದು ಔಟಾಗಿದೆ, ಮಗಳು ಆಗ್ಲೇ ಸೋಫಾ ಮೇಲೆ ನಿಂತಿದಾಳೆ, ಆಗ ಮಿಗೆಲ್ ರೋಹಾಸ್, ಹೋಮ್ ರನ್ನಿಗೆ ಯಾರೂ ನೆನೆಸ್ಕೊಳ್ಳದ ಹೆಸ್ರು, ಹೋಮ್ ರನ್ ಹೊಡೆದು ಸಮ ಮಾಡಿದ. ಹಿಂದೆಯೇ ಬ್ಲೂ ಜೇಸ್ ಮೂರೂ ಬೇಸ್ ತುಂಬಿಸಿದ್ರು, ಒಂದು ರನ್ ಬಂದ್ರೆ ಕಪ್ಪು. ರೋಹಾಸ್‌ನೇ ನೆಲದ ಬಾಲು ಹಿಡಿದು ಎಡವಿಕೊಂಡು ಹೋಮ್ ಪ್ಲೇಟಿಗೆ ಎಸೆದ, ಕ್ಯಾಚರ್ ವಿಲ್ ಸ್ಮಿತ್‌ನ ಪಾದ ಪ್ಲೇಟಿಂದ ಎದ್ದು ಮತ್ತೆ ಊರ್ತು, ಓಡಿ ಬಂದವನ ಕಾಲು ತಗಲೋಕೆ ಕೂದಲೆಳೆ ಮುಂಚೆ. ಹನ್ನೊಂದನೇ ಇನ್ನಿಂಗ್ಸಲ್ಲಿ ಅದೇ ಸ್ಮಿತ್ ಹೋಮ್ ರನ್, 5-4. "ನೀನು ಹೇಳಿದ್ದೇ ಆಯ್ತು," ಅಂತ ಮಗಳು ಬಾಗ್ಲು ಬಡಿದು ರೂಮಿಗೆ ಹೋದ್ಳು. ನಾನು ಹೇಳಿದ್ದು ಯಾವ್ದು ಆಗಿತ್ತು? ರೋಹಾಸ್ ಹೆಸ್ರು ನನ್ನ ಫೈಲಲ್ಲಿ ಎಲ್ಲೋ ನೂರಾನಲವತ್ತನೇ ಸಾಲಲ್ಲಿತ್ತು. ಸ್ಮಿತ್‌ನ ಪಾದ ಇರ್ಲೇ ಇಲ್ಲ.

ಹತ್ತು ನಿಮಿಷ ಬಿಟ್ಟು ಅಮ್ಮಂಗೆ ಫೋನ್ ಮಾಡ್ದೆ. ಮೈಸೂರಲ್ಲಿ ಭಾನುವಾರ ಬೆಳಗ್ಗೆ ಹತ್ತು ಗಂಟೆ, ತಿಂಡಿ ಮುಗಿಸಿ ಕೂತಿದ್ಳು. ಹಿಂದಿನ ದಿನದ ರಾಜ್ಯೋತ್ಸವದ ಮೈಕು, ಮೊಮ್ಮಗಳ ಓದು, ಹಾಲಿನವನು ಬರ್ಲಿಲ್ಲ, ಎಲ್ಲಾ ಆದ್ಮೇಲೆ ಟಿವಿ ನೋಡ್ತಿದ್ಯಾ ಅಂತ ಕೇಳಿದ್ಳು. ಹೂಂ, ಅದೇ ಆಟ, ಕೊನೇ ಮ್ಯಾಚು ಈಗ ಮುಗೀತು ಅಂದೆ.

"ಗಡ್ಡದವ್ನು ಆಡಿದ್ನಾ?"

"ಇಲ್ಲಮ್ಮ, ಅವ್ನು ಆಟ ಬಿಟ್ಟು ಎರಡು ವರ್ಷದ ಮೇಲಾಯ್ತು. ಈ ಸಲ ಯಮಮೊಟೊ ಅಂತ ಜಪಾನಿನವನು, ಕೊನೇ ಎರಡು ಮುಕ್ಕಾಲು ಇನ್ನಿಂಗ್ಸ್ ಹತ್ರ ಅವನೇ ಹಾಕಿ ಮುಗಿಸಿದ. ನಿನ್ನೆ ರಾತ್ರಿ ಮ್ಯಾಚಲ್ಲಿ 96 ಬಾಲ್ ಹಾಕಿದ್ದ."

"ನಿನ್ನೆ ಹಾಕಿದ್ದವನಾ?" ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ಳು. "ಇವ್ನೂ ಬರಲ್ಲ ಅಂದಿದ್ಯಾ ನೀನು?"

"ಅಂದಿದ್ದೆ."